ಕಾಕಾನ ಕಿಡ್ನಿಯೂ ಕಿಮ್ಮೆಲ್‌ಸ್ಟೀಲನ ಗಂಟುಗಳೂ

ಹೋದ ತಿಂಗಳು ಹೈದರಾಬಾದಿನಿಂದ ವಾಡಿಗೆ ಟ್ರೇನಿನಲ್ಲಿ ಬರುವಾಗ ನನ್ನ ಕೈಯಲ್ಲಿ ಎರಡು ಹಾಳೆಯ ಒಂದು ರಿಪೋರ್ಟ್ ಇತ್ತು. ಎದುರಿಗೆ ಕಿಟಕಿಗೆ ತಲೆ ಆನಿಸಿ ಕಾಕಾ ಕೂತಿದ್ದರು. ವಿಕಾರಾಬಾದ್ ದಾಟಿತ್ತು ಅಂತ ಕಾಣುತ್ತೆ, ಕಣ್ಣು ಬಿಟ್ಟು ಕೇಳಿದರು.

"ಏನ್ ಬರ್ದಾರೋ ಅದ್ರಾಗ?"

"ಅದು ಡಾಕ್ಟರ್ ಮಂದಿಗಿ ತಿಳಿಯೋದು ಅದ, ಕಾಕಾ."

"ನೀ ಇಂಜಿನಿಯರ್ ಇದ್ದಿಯಲ್ಲ, ಓದಿ ಹೇಳು ಮತ್ತ."

ಇಂಜಿನಿಯರಿಂಗ್ ಓದಿದವನಿಗೆ ಜಗತ್ತಿನ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಮಿಕ್ಸರ್ ಕೆಟ್ಟರೂ ನಾನೇ, ಕಿಡ್ನಿ ಕೆಟ್ಟರೂ ನಾನೇ :) ಆದರೆ ಅವತ್ತು ನಗು ಬರಲಿಲ್ಲ. ಓದಿದೆ, ಅರ್ಥವಾಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ರಾತ್ರಿಗಳನ್ನು ಕೂತು ಆ ಎರಡು ಹಾಳೆಯ ಒಂದೊಂದೇ ಪದದ ಹಿಂದೆ ಬಿದ್ದೆ. ಪದಗಳ ಹಿಂದೆ ಮನುಷ್ಯರಿದ್ದರು, ಇಸವಿಗಳಿದ್ದವು. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಇದನ್ನು ಓದಿ ಯಾರೂ ಮಾತ್ರೆ ಬದಲಿಸಬೇಡಿ.

ಮೊದಲು ಹಿನ್ನೆಲೆ. ಕಾಕಾ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿ ನಿವೃತ್ತರಾದವರು. ಹನ್ನೆರಡು ವರ್ಷದಿಂದ ಶುಗರ್. ಈ ವರ್ಷ ಬೇಸಿಗೆಯಲ್ಲಿ ಕಾಲು ಬಾತುಕೊಂಡವು. ಮೂತ್ರದಲ್ಲಿ ನೊರೆ. ಪರೀಕ್ಷೆ ಮಾಡಿಸಿದರೆ ಪ್ರೋಟೀನು ವಿಪರೀತ. ಕಣ್ಣಿನ ಡಾಕ್ಟರು ಮಾತ್ರ ರೆಟಿನಾ ಚೆನ್ನಾಗಿಯೇ ಇದೆ ಅಂದರು. ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಕಿಡ್ನಿಯನ್ನು ಹಿಡಿಯುವ ಹೊತ್ತಿಗೆ ಕಣ್ಣಿನ ಹಿಂದಿನ ಪರದೆಯಲ್ಲೂ ಗುರುತು ಬಿಟ್ಟಿರುತ್ತದೆ. ಇಲ್ಲಿ ಹಾಗಿಲ್ಲ, ಹಾಗಾಗಿ ಇದು ಬೇರೆ ಯಾವುದೋ ಕಿಡ್ನಿ ರೋಗವೂ ಇರಬಹುದು, ಬಯಾಪ್ಸಿ ಮಾಡಿ ನೋಡೋಣ ಎಂದರು ಹೈದರಾಬಾದಿನ ಡಾಕ್ಟರು. ಬೇರೆ ರೋಗವಾದರೆ ಬೇರೆ ಔಷಧಿ ಇರುತ್ತದಲ್ಲ, ನಾವೆಲ್ಲ "ದೇವರೇ, ಬೇರೆ ರೋಗವೇ ಆಗಲಿ" ಎಂದು ಬೇಡಿಕೊಂಡ ವಿಚಿತ್ರ ದಿನಗಳು ಅವು.

ರಿಪೋರ್ಟಿನ ಸಾರ ಇಷ್ಟು: ಸಿಕ್ಕ ಗ್ಲೊಮೆರುಲಸ್‌ಗಳು 14, ಪೂರ್ತಿ ಸತ್ತವು 3. ಉಳಿದವುಗಳಲ್ಲಿ ಮೆಸಾಂಜಿಯಂ ಹಿಗ್ಗಿದೆ, ಕೆಲವುದರಲ್ಲಿ ಕಿಮ್ಮೆಲ್‌ಸ್ಟೀಲ್-ವಿಲ್ಸನ್ ಗಂಟುಗಳಿವೆ. ಬೇಸ್‌ಮೆಂಟ್ ಮೆಂಬ್ರೇನ್ ದಪ್ಪವಾಗಿದೆ. ಸಣ್ಣ ರಕ್ತನಾಳಗಳಲ್ಲಿ ಹಯಲಿನೋಸಿಸ್. ಡಯಾಬಿಟಿಕ್ ನೆಫ್ರೋಪತಿ, ಕ್ಲಾಸ್ ಮೂರು.

ಬೇರೆ ರೋಗವಲ್ಲ. ಅದೇ ರೋಗ.

ನಮ್ಮ ಟ್ರೇನು ಹೊರಟ ಸ್ವಲ್ಪ ಹೊತ್ತಿಗೆ ಬೇಗಂಪೇಟೆ ದಾಟಿತ್ತು. ಅಲ್ಲೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾಗಿದ್ದು 1874ರಲ್ಲಿ. ಅಂದರೆ ರಾಸ್ ಇದ್ದ ಕಾಲಕ್ಕೆ ನಮ್ಮೂರಿನ ಹಳಿ ಆಗಲೇ ಇತ್ತು. ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳಬೇಕೆನಿಸಿತು.

ಸಂಬಂಧವಿರುವುದು ಇನ್ನೂ ಮುಂದಿದೆ. ತಾಂಡೂರು ಆಗಿ, ಸೇಡಂ ಆಗಿ, ಚಿತ್ತಾಪುರಕ್ಕೆ ಮೊದಲು ಮಳಖೇಡ ರೋಡ್ ಬರುತ್ತದೆ. ಕಾಗಿಣಾ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗದ ಊರು ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಅದೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಉಗ್ರಾದಿತ್ಯ ಎಂಬ ಜೈನ ವೈದ್ಯನಿದ್ದ, ಅವನು ಸಂಸ್ಕೃತದಲ್ಲಿ ಕಲ್ಯಾಣಕಾರಕ ಎಂಬ ವೈದ್ಯಗ್ರಂಥ ಬರೆದ, ಔಷಧಕ್ಕೆ ಮಾಂಸ ಬೇಕಿಲ್ಲ ಎಂದು ಆ ಆಸ್ಥಾನದಲ್ಲೇ ವಾದಿಸಿದ ಎಂಬುದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅವನ ಗ್ರಂಥ 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಅದರಲ್ಲಿ ಪ್ರಮೇಹದ ಪ್ರಕರಣವೂ ಇದೆ.

ಪ್ರಮೇಹ ಅಂದರೆ ಮೂತ್ರ ಕೆಡುವ ರೋಗಗಳ ಗುಂಪು. ಸುಶ್ರುತ ಚರಕರ ಸಂಹಿತೆಗಳಲ್ಲಿ ಅದು ಇಪ್ಪತ್ತು ಬಗೆ: ಕಫದ್ದು ಹತ್ತು, ಪಿತ್ತದ್ದು ಆರು, ವಾತದ್ದು ನಾಲ್ಕು. ಅವುಗಳಲ್ಲಿ ಕೊನೆಯದು, ಗುಣವಾಗದ್ದು, ಮಧುಮೇಹ. ಮೂತ್ರಕ್ಕೆ ಇರುವೆ ಮುತ್ತುತ್ತವೆ ಎಂಬುದನ್ನೂ ನಮ್ಮವರು ಗಮನಿಸಿದ್ದರು. ಆದರೆ ಆ ಚರ್ಚೆಯೆಲ್ಲ ಬಸ್ತಿಯ, ಅಂದರೆ ಮೂತ್ರಕೋಶದ ಸುತ್ತ ನಡೆಯುತ್ತದೆ. ವೃಕ್ಕ ಎಂಬ ಪದ ಅವರಿಗೆ ಗೊತ್ತಿತ್ತು, ಆದರೆ ಮೂತ್ರ ಹುಟ್ಟುವುದು ಅಲ್ಲಿ ಎಂಬ ಲೆಕ್ಕ ಇರಲಿಲ್ಲ. "ಎಲ್ಲಾ ನಮ್ಮ ಶಾಸ್ತ್ರಗಳಲ್ಲೇ ಇತ್ತು" ಅನ್ನುವ ಫಾರ್ವರ್ಡುಗಳು ನನಗೂ ಬರುತ್ತವೆ. ಎಲ್ಲಾ ಇರಲಿಲ್ಲ. ಬರಿಗಣ್ಣಿಗೆ ಮತ್ತು ಇರುವೆಗೆ ಕಾಣುವಷ್ಟು ಇತ್ತು, ಅದೇ ದೊಡ್ಡದು.

ಯುರೋಪಿನಲ್ಲೂ ಬಹಳ ಕಾಲ ಕಥೆ ಅಷ್ಟೇ. ಮೂತ್ರ ಸಿಹಿ ಎಂದು 17ನೇ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ರುಚಿ ನೋಡಿ ಬರೆದ. ಆ ಸಿಹಿ ಸಕ್ಕರೆಯದೇ ಎಂದು 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ತೋರಿಸಿದ, ರಕ್ತವೂ ಸಿಹಿಯಾಗಿರುತ್ತದೆ ಎಂದೂ ಹೇಳಿದ. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಕಾಲು ಬಾತವರ ಮೂತ್ರವನ್ನು ಒಂದು ಚಮಚದಲ್ಲಿಟ್ಟು ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಮೊಟ್ಟೆಯ ಬಿಳಿಯ ಹಾಗೆ ಗರಣೆ ಕಟ್ಟುವುದನ್ನು, ಸತ್ತ ಮೇಲೆ ಅವರ ಕಿಡ್ನಿ ಕೆಟ್ಟಿರುವುದನ್ನು ಜೋಡಿಸಿದ. ಕಾಕಾನಿಗೆ ಮಾಡಿದ ಮೊದಲ ಪರೀಕ್ಷೆಯ ಅಜ್ಜ ಅದು. ಚಮಚದ ಬದಲು ಈಗ ಬಣ್ಣದ ಪಟ್ಟಿ, ಅಷ್ಟೇ.

ಇತ್ತ ಕಿಡ್ನಿಯ ಒಳಗೆ ಏನಿದೆ ಎಂದು ನೋಡಿದವರು ಬೇರೆಯವರು. 1666ರಲ್ಲಿ ಇಟಲಿಯ ಮಾರ್ಚೆಲ್ಲೋ ಮಾಲ್ಪೀಘಿ ಕಿಡ್ನಿಯ ಅಪಧಮನಿಗೆ ಕಪ್ಪು ದ್ರವ ತುಂಬಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಮರದಲ್ಲಿ ಹಣ್ಣು ತೂಗಿದ ಹಾಗೆ ಚಿಕ್ಕ ಚಿಕ್ಕ ಉಂಡೆಗಳು ಕಂಡವು. 1842ರಲ್ಲಿ ವಿಲಿಯಂ ಬೌಮನ್ ಆ ಉಂಡೆ ಎಂದರೆ ಒಂದು ಬಟ್ಟಲಿನೊಳಗೆ ಸುತ್ತಿಟ್ಟ ರಕ್ತನಾಳಗಳ ಗುಚ್ಛ, ಬಟ್ಟಲಿನ ತಳದಿಂದಲೇ ಮೂತ್ರದ ನಳಿಗೆ ಹೊರಡುತ್ತದೆ ಎಂದು ತೋರಿಸಿದ. ಆಗ ಅವನಿಗೆ ಇಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ನಾನು ಯಾವುದೋ ವಿಮಾ ಕಂಪನಿಯ ಲಾಗಿನ್ ಪೇಜಿನ ಬಟನ್ ಬಣ್ಣ ಬದಲಿಸುತ್ತಿದ್ದೆ. ಇರಲಿ.

ಈ ಉಂಡೆಯೇ ಗ್ಲೊಮೆರುಲಸ್. ಮಿಲಿಮೀಟರಿನ ಐದನೇ ಒಂದು ಭಾಗ ಅಗಲ. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ. ಎರಡೂ ಕಿಡ್ನಿ ಸೇರಿ ದಿನಕ್ಕೆ 180 ಲೀಟರಿನಷ್ಟು ನೀರನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಷ್ಟನ್ನು ಹೊರಗೆ ಬಿಟ್ಟು ಉಳಿದಿದ್ದನ್ನೆಲ್ಲ ವಾಪಸ್ ಹೀರುತ್ತವೆ.

ಹಾಗಾದರೆ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಕತ್ತರಿಸಿ ನೋಡಿದವರಿಗೆ ಮೊದಲು ಕಂಡದ್ದೇನು? ತಮಾಷೆಯೆಂದರೆ ಮೊದಲು ಕಂಡದ್ದು ಗ್ಲೊಮೆರುಲಸ್‌ನಲ್ಲಿ ಅಲ್ಲವೇ ಅಲ್ಲ. 1877ರಲ್ಲಿ ನೇಪಲ್ಸಿನ ಲುಚಿಯಾನೋ ಅರ್ಮಾನಿ, ಆಮೇಲೆ 1880ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್, ನಳಿಗೆಗಳ ಜೀವಕೋಶಗಳು ಉಬ್ಬಿ ಖಾಲಿ ಖಾಲಿಯಾಗಿ ಕಾಣುವುದನ್ನು ವರ್ಣಿಸಿದರು. ಅದು ಕೋಶದೊಳಗೆ ತುಂಬಿಕೊಂಡ ಗ್ಲೈಕೋಜೆನ್. ಬಹಳ ವರ್ಷ ಸಕ್ಕರೆ ಕಾಯಿಲೆಯ ಕಿಡ್ನಿ ಎಂದರೆ ಇದೇ ಎಂದುಕೊಂಡಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಪ್ಪು ಲಾಗ್ ಫೈಲ್ ನೋಡುತ್ತಿದ್ದರು. ಅದು ರಕ್ತದ ಸಕ್ಕರೆ ಹದ ತಪ್ಪಿ ಸಾಯುವವರಲ್ಲಿ ಕಾಣುವ ಬದಲಾವಣೆ. ಇನ್ಸುಲಿನ್ ಬಂದ ಮೇಲೆ ಅಪರೂಪವಾಯಿತು, ಈಗ ಹೆಚ್ಚಾಗಿ ಶವಪರೀಕ್ಷೆ ಮಾಡುವವರಿಗಷ್ಟೇ ಬೇಕು.

ಇನ್ಸುಲಿನ್ ವಿಷಯ ಬಂತು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಕೊಟ್ಟರು. ಅದಕ್ಕೆ ಮುಂಚೆ ಚಿಕ್ಕ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದವರು ಒಂದೆರಡು ವರ್ಷದಲ್ಲಿ ಕೋಮಾಗೆ ಹೋಗಿ ಸಾಯುತ್ತಿದ್ದರು. ಕಿಡ್ನಿ ಕೆಡಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಇನ್ಸುಲಿನ್ ಅವರನ್ನು ಬದುಕಿಸಿತು, ಹತ್ತು ಹದಿನೈದು ಇಪ್ಪತ್ತು ವರ್ಷ ಬದುಕಿದ ಮೇಲೆ ಕಿಡ್ನಿ, ಕಣ್ಣು, ಕಾಲು ಒಂದೊಂದೇ ಎದ್ದು ಬಂದವು. ಒಂದು ಬಗ್ ಸರಿ ಮಾಡಿದ ಮೇಲೆಯೇ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣುತ್ತದಲ್ಲ, ಹಾಗೆ.

ಈಗ ರಿಪೋರ್ಟಿನ ಆ ಹೆಸರಿಗೆ ಬರೋಣ.

ಪೌಲ್ ಕಿಮ್ಮೆಲ್‌ಸ್ಟೀಲ್ ಹ್ಯಾಂಬರ್ಗಿನ ಯಹೂದಿ, ರೋಗಶಾಸ್ತ್ರಜ್ಞ. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಅಮೆರಿಕದ ಬಾಸ್ಟನ್ ಸೇರಿದ. ಕ್ಲಿಫರ್ಡ್ ವಿಲ್ಸನ್ ಇಂಗ್ಲೆಂಡಿನ ವೈದ್ಯ, ಫೆಲೋಶಿಪ್ ಮೇಲೆ ಅದೇ ಊರಿಗೆ ಬಂದಿದ್ದ. ಇಬ್ಬರೂ ಸೇರಿ 1936ರಲ್ಲಿ ಅಮೆರಿಕನ್ ಜರ್ನಲ್ ಆಫ್ ಪೆಥಾಲಜಿಯಲ್ಲಿ ಒಂದು ಲೇಖನ ಬರೆದರು. ಬರೀ ಎಂಟು ಜನರ ಶವಪರೀಕ್ಷೆ. ಗ್ಲೊಮೆರುಲಸ್‌ನ ರಕ್ತನಾಳಗಳ ನಡುವಿನ ಜಾಗದಲ್ಲಿ ದುಂಡಗೆ, ಜೀವಕೋಶಗಳೇ ಇಲ್ಲದ, ಗಾಜಿನಂತೆ ನಯವಾದ ಗಂಟುಗಳು. ಈ ಜನರಲ್ಲಿ ಬಹುತೇಕರಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ, ಮೈ ಬಾವು, ಮೂತ್ರದಲ್ಲಿ ವಿಪರೀತ ಪ್ರೋಟೀನು. ಓದುವಾಗ ನನಗೆ ಕಾಕಾನ ಬಾತ ಕಾಲೇ ಕಣ್ಣ ಮುಂದೆ ಬಂತು.

ಆದರೆ ಲೇಖನದ ಶೀರ್ಷಿಕೆಯಲ್ಲಿ ಸಕ್ಕರೆ ಕಾಯಿಲೆಯ ಹೆಸರೇ ಇಲ್ಲ! ರಕ್ತನಾಳಗಳ ನಡುವಿನ ಗಾಯಗಳು ಎಂದಷ್ಟೇ. ಎಂಟೇ ಜನರನ್ನು ನೋಡಿ ಎಲ್ಲವನ್ನೂ ಹೇಳಿಬಿಡುವ ಆತುರ ಅವರಿಗಿರಲಿಲ್ಲ. ಸಕ್ಕರೆ ಕಾಯಿಲೆಗೂ ಈ ಗಂಟಿಗೂ ಇರುವ ನಂಟನ್ನು ಗಟ್ಟಿ ಮಾಡಿದ್ದು 1941ರಲ್ಲಿ ಆರ್ಥರ್ ಆಲನ್, ಸಕ್ಕರೆ ಕಾಯಿಲೆಯ 105 ಜನರ ಕಿಡ್ನಿ ನೋಡಿ. ಆದರೂ ಗಂಟಿಗೆ ಆಲನ್ ಹೆಸರು ಬರಲಿಲ್ಲ.

ಗಂಟು ಬೆಳೆಯುವ ಜಾಗಕ್ಕೆ ಹೆಸರು ಕೊಟ್ಟದ್ದು ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದ ಝಿಮ್ಮರ್‌ಮನ್, 1933ರಲ್ಲಿ. ಮೆಸಾಂಜಿಯಂ. ಸೊಪ್ಪಿನ ಕಂತೆಯನ್ನು ನಡುವೆ ಕಟ್ಟಿ ಹಿಡಿಯುವ ನಾರಿನ ಹಾಗೆ ರಕ್ತನಾಳಗಳ ಗುಚ್ಛವನ್ನು ಹಿಡಿದಿಡುವ ಭಾಗ ಅದು. ಸಕ್ಕರೆ ಹೆಚ್ಚಿದ ರಕ್ತ ವರ್ಷಗಟ್ಟಲೆ ಹರಿದಾಗ ಈ ನಾರೇ ದಪ್ಪವಾಗುತ್ತ ಹೋಗುತ್ತದೆ, ದಪ್ಪವಾದಷ್ಟೂ ರಕ್ತನಾಳಗಳಿಗೆ ಜಾಗ ಕಡಿಮೆ. ಕೊನೆಗೆ ಇಡೀ ಉಂಡೆ ಮುಚ್ಚಿಹೋಗುತ್ತದೆ. ಕಾಕಾನ ಹದಿನಾಲ್ಕರಲ್ಲಿ ಮೂರು ಮುಚ್ಚಿಹೋಗಿವೆ.

1936ರ ಎಂಟೂ ಜನ ಸತ್ತ ಮೇಲೆ ಕಂಡವರು. ಬದುಕಿರುವವರ ಕಿಡ್ನಿ ನೋಡುವುದು ಹೇಗೆ? ಸ್ವೀಡನ್ನಿನ ನಿಲ್ಸ್ ಆಲ್‌ವಾಲ್ 1944ರಲ್ಲೇ ಸೂಜಿ ಹಾಕಿ ತೆಗೆಯಲು ಹೊರಟಿದ್ದ. 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರುನ್ ರೋಗಿಯನ್ನು ಕೂರಿಸಿಕೊಂಡು ಬೆನ್ನಿನಿಂದ ಸೂಜಿ ಹಾಕಿ ಚೂರು ತೆಗೆದರು. 1954ರಲ್ಲಿ ಶಿಕಾಗೋದ ಕಾರ್ಕ್ ಮತ್ತು ಮ್ಯೂರ್ಕಿ ರೋಗಿಯನ್ನು ಬೋರಲು ಮಲಗಿಸಿ ಮಾಡಿದರು, ಆಮೇಲೆ ಅದೇ ರೂಢಿಯಾಯಿತು. ಕಾಕಾನನ್ನೂ ಹಾಗೇ ಬೋರಲು ಮಲಗಿಸಿದ್ದರು. "ಉಸಿರು ಹಿಡಿ ಅಂದ್ರು, ಟಕ್ ಅಂತ ಬಂದೂಕ ಹಾರ್ಸಿದಂಗ ಆಯ್ತು" ಅಂತ ಹೇಳುತ್ತಿದ್ದರು. ತೆಗೆದದ್ದು ಶ್ಯಾವಿಗೆ ಎಳೆಯಷ್ಟು ತೆಳು ಚೂರು.

ಆ ಎಳೆಯನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಹೆರೆದು, ಬಣ್ಣ ಹಾಕುತ್ತಾರೆ. ಬಣ್ಣ ಹಾಕದಿದ್ದರೆ ಏನೂ ಕಾಣುವುದಿಲ್ಲ. ಪಿಎಎಸ್ ಎಂಬ ಬಣ್ಣ 1946ರಲ್ಲಿ ಮ್ಯಾಕ್‌ಮ್ಯಾನಸ್ ತಂದದ್ದು, ಅದರಲ್ಲಿ ಗಂಟುಗಳು ಗಾಢ ಗುಲಾಬಿ. ಬೆಳ್ಳಿಯ ಬಣ್ಣದಲ್ಲಿ ಪೊರೆಗಳು ಕಪ್ಪು ಗೆರೆ. ಇನ್ನೊಂದು ಮುಖ್ಯ ಗುರುತು, ಗ್ಲೊಮೆರುಲಸ್‌ಗೆ ರಕ್ತ ತರುವ ನಾಳ ಮಾತ್ರವಲ್ಲ, ಒಯ್ಯುವ ನಾಳದ ಗೋಡೆಯಲ್ಲೂ ಗಾಜಿನಂಥ ಪದರ ಕೂತಿರುತ್ತದೆ. ಬಿಪಿಯಿಂದ ಕೆಟ್ಟ ಕಿಡ್ನಿಯಲ್ಲಿ ಸಾಮಾನ್ಯವಾಗಿ ಕಾಣುವುದು ತರುವ ನಾಳದಲ್ಲಿ. ಎರಡರಲ್ಲೂ ಇದ್ದರೆ ಸಕ್ಕರೆಯ ಕಡೆ ಬೆರಳು. ಕಾಕಾನದು ಎರಡರಲ್ಲೂ ಇತ್ತು.

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದ್ದೂ ಇದೆ. ಸೋಸುವ ಪೊರೆ, ಬೇಸ್‌ಮೆಂಟ್ ಮೆಂಬ್ರೇನ್, ಆರೋಗ್ಯವಂತರಲ್ಲಿ ಮುನ್ನೂರು ಚಿಲ್ಲರೆ ನ್ಯಾನೋಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಇದನ್ನು ಅಳೆಯಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕಾಯಿತು. 1959ರಲ್ಲಿ ಮೆರಿಲಿನ್ ಫಾರ್ಕರ್ ಮತ್ತು ಜೊತೆಗಾರರು ಸಕ್ಕರೆ ಕಾಯಿಲೆಯ ಕಿಡ್ನಿಯನ್ನು ಅದರಡಿ ಇಟ್ಟರು. ಡೆನ್ಮಾರ್ಕಿನ ರುತ್ ಆಸ್ಟರ್‌ಬಿ 1970ರ ದಶಕದ ಆರಂಭದಲ್ಲಿ ಮಾಡಿದ ಕೆಲಸ ನನಗೆ ಇದರಲ್ಲೆಲ್ಲ ಹೆಚ್ಚು ಹಿಡಿಸಿತು. ಪೊರೆ ದಪ್ಪ ಇರುವುದರಿಂದಲೇ ಕಾಯಿಲೆ ಬರುತ್ತದೆಯೋ, ಕಾಯಿಲೆಯಿಂದ ಪೊರೆ ದಪ್ಪವಾಗುತ್ತದೆಯೋ ಎಂದು ಆಗ ಜಗಳ. ಆಕೆ ಇನ್ಸುಲಿನ್ ಬೇಕಾಗುವ ಬಗೆಯ ಕಾಯಿಲೆ ಆಗಷ್ಟೇ ಶುರುವಾದ ಎಳೆಯರ ಕಿಡ್ನಿ ಅಳೆದಳು. ಪೊರೆ ಸರಿಯಾಗಿಯೇ ಇತ್ತು. ಎರಡು ವರ್ಷದ ಆಸುಪಾಸಿನಲ್ಲಿ ಮತ್ತೆ ಅಳೆದಳು. ದಪ್ಪವಾಗಲು ಶುರುವಾಗಿತ್ತು. ಜಗಳ ಮುಗಿಯಿತು. ಎರಡೇ ವರ್ಷ! ಮೂತ್ರದಲ್ಲಿ ಏನೂ ಕಾಣುವ ಮೊದಲು, ಮನುಷ್ಯನಿಗೆ ಏನೂ ಅನ್ನಿಸುವ ಎಷ್ಟೋ ವರ್ಷ ಮೊದಲು.

ನಮ್ಮ ಶಹಾಬಾದಿನ ಫರಸಿ ಕಲ್ಲನ್ನು ಅಡ್ಡಲಾಗಿ ನೋಡಿದರೆ ಪದರ ಪದರವಾಗಿ ಕಾಣುತ್ತದಲ್ಲ, ಕಾಕಾನ ಪೊರೆಯ ಚಿತ್ರ ನೋಡಿದಾಗ ನೆನಪಾದದ್ದು ಅದೇ. ಇರಬೇಕಾದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ದಪ್ಪ. ದಪ್ಪವಾದರೆ ಸೋಸುವುದು ಬಿಗಿಯಾಗಬೇಕು ಅನ್ನಿಸುತ್ತದೆ, ಆದರೆ ಆಗುವುದು ಉಲ್ಟಾ. ದಪ್ಪ ಪೊರೆ ಸೋರುತ್ತದೆ. ಪೊರೆಗೆ ಅಂಟಿಕೊಂಡ ಪೋಡೋಸೈಟ್ ಎಂಬ ಕೋಶಗಳು ಒಂದೊಂದಾಗಿ ಕಳಚಿಹೋಗುತ್ತವೆ, ಹೋದವು ಸುಲಭಕ್ಕೆ ಮತ್ತೆ ಹುಟ್ಟುವುದಿಲ್ಲ.

ಸೋರಿಕೆಯನ್ನು ಬೇಗ ಹಿಡಿಯುವ ದಾರಿ ಲಂಡನ್ನಿನಲ್ಲಿ ಹ್ಯಾರಿ ಕೀನ್ 1960ರ ದಶಕದಲ್ಲಿ ತೋರಿಸಿದ್ದ: ಬ್ರೈಟನ ಚಮಚಕ್ಕೆ ಸಿಗದಷ್ಟು ಕಡಿಮೆ ಅಲ್ಬುಮಿನ್ ಅಳೆಯುವುದು. ಅದು ಮುಂದೆ ಬರುವ ಕಿಡ್ನಿ ರೋಗದ ಮುನ್ಸೂಚನೆ ಎಂದು 1980ರ ದಶಕದಲ್ಲಿ ಕೀನ್ ತಂಡದವರೂ ಡೆನ್ಮಾರ್ಕಿನ ಮೋಗನ್ಸನ್ ಮುಂತಾದವರೂ ತೋರಿಸಿಕೊಟ್ಟರು. ವರ್ಷಕ್ಕೊಮ್ಮೆ ಒಂದು ಬಾಟಲಿ ಮೂತ್ರ ಸಾಕು. ಕಾಕಾನಿಗೆ ಹನ್ನೆರಡು ವರ್ಷದಲ್ಲಿ ಈ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಬೆರಳು ಚುಚ್ಚಿ ಶುಗರ್ ನೋಡುವುದು, ಮಾತ್ರೆ ಬರೆಸಿಕೊಳ್ಳುವುದು, ಜ್ವಾಳದ ರೊಟ್ಟಿ ತಿಂದರೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿಕೊಳ್ಳುವುದು, ಇಷ್ಟೇ. ಯಾರನ್ನು ಬಯ್ಯಲಿ? ಮನೆಯಲ್ಲಿ ಇಂಟರ್ನೆಟ್ ಇದ್ದ ನಾನೂ ಕೇಳಿರಲಿಲ್ಲ.

ಕಾಕುವಿನ ತಮ್ಮ, ಅಂದರೆ ಚಿಂಚೋಳಿಯ ಮಾಮಾ, ಮೂರು ವರ್ಷದಿಂದ ಡಯಾಲಿಸಿಸ್ ಮೇಲಿದ್ದಾರೆ. ಅವರದೂ ಶುಗರ್. ಕಲಬುರಗಿಗೆ ವಾರಕ್ಕೆ ಎರಡು ಸಲ, ನಸುಕಿಗೆ ಎದ್ದು ಬಸ್ಸು. ಹೊಲ ಪಾಲಿಗೆ ಕೊಟ್ಟಾಗಿದೆ. ಹಾಗಾಗಿ ರಿಪೋರ್ಟ್ ಬಂದ ದಿನ ಕಾಕು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ತಮ್ಮನಂಗ ಆಗ್ತದೇನು?"

ಕ್ಲಾಸ್ ಮೂರು ಎಂದರೆ ಏನು ಎಂದು ಅದಕ್ಕೇ ಹುಡುಕಿದ್ದು. 2010ರಲ್ಲಿ ಹಲವು ದೇಶಗಳ ರೋಗಶಾಸ್ತ್ರಜ್ಞರು ಕೂತು ಮಾಡಿದ ವರ್ಗೀಕರಣ. ಪೊರೆ ಮಾತ್ರ ದಪ್ಪವಾಗಿದ್ದರೆ ಒಂದು, ಮೆಸಾಂಜಿಯಂ ಹಿಗ್ಗಿದ್ದರೆ ಎರಡು, ಕಿಮ್ಮೆಲ್‌ಸ್ಟೀಲನ ಗಂಟು ಒಂದಾದರೂ ಖಚಿತವಾಗಿ ಕಂಡರೆ ಮೂರು, ಅರ್ಧಕ್ಕಿಂತ ಹೆಚ್ಚು ಉಂಡೆಗಳು ಮುಚ್ಚಿದ್ದರೆ ನಾಲ್ಕು. ಐದು ಇಲ್ಲ.

ಹೋದದ್ದು ವಾಪಸ್ ಬರುತ್ತದೆಯೇ? 1998ರವರೆಗೆ ಎಲ್ಲರೂ ಇಲ್ಲ ಅನ್ನುತ್ತಿದ್ದರು. ಆ ವರ್ಷ ಪಾವೊಲಾ ಫಿಯೊರೆಟ್ಟೊ, ಮೈಕೆಲ್ ಮಾವರ್ ಮತ್ತಿತರರು ಪ್ಯಾಂಕ್ರಿಯಾಸ್ ಕಸಿ ಮಾಡಿಸಿಕೊಂಡ ಎಂಟು ಜನರ ಕಿಡ್ನಿಯನ್ನು ಮತ್ತೆ ಮತ್ತೆ ಬಯಾಪ್ಸಿ ಮಾಡಿದ್ದನ್ನು ಪ್ರಕಟಿಸಿದರು. ಇಲ್ಲೂ ಎಂಟೇ ಜನ, ನೋಡಿ. ಕಸಿಯಾದ ಮೇಲೆ ಸಕ್ಕರೆ ಪೂರ್ತಿ ಸರಿ. ಐದು ವರ್ಷಕ್ಕೆ ನೋಡಿದರೆ ಕಿಡ್ನಿ ಹಾಗೇ ಇತ್ತು, ಏನೂ ಸುಧಾರಣೆ ಇಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಹತ್ತು ವರ್ಷಕ್ಕೆ ಮತ್ತೆ ನೋಡಿದರು. ಪೊರೆ ತೆಳುವಾಗಿತ್ತು, ಗಂಟುಗಳು ಕರಗಿಹೋಗಿದ್ದವು. ಅದನ್ನು ಓದಿದ ರಾತ್ರಿ ಒಂದು ಗಂಟೆಗೆ ತಮ್ಮನನ್ನು ಎಬ್ಬಿಸಿ ಹೇಳಿದೆ. ಬಯ್ದು ಮಲಗಿದ.

ಅವರಿಗಿದ್ದದ್ದು ಇನ್ಸುಲಿನ್ನೇ ಹುಟ್ಟದ ಬಗೆ, ಕಾಕಾನದು ಬೇರೆ. ಕಾಕಾನಿಗೆ ಯಾರೂ ಪ್ಯಾಂಕ್ರಿಯಾಸ್ ಹಾಕುವುದಿಲ್ಲ. ಅವರಿಗೆ ಬರೆದುಕೊಟ್ಟಿರುವುದು ಎರಡು ಮುಖ್ಯ ಮಾತ್ರೆ. ಒಂದು ಲೊಸಾರ್ಟನ್, ಒಯ್ಯುವ ನಾಳವನ್ನು ಸಡಿಲಿಸಿ ಉಂಡೆಯೊಳಗಿನ ಒತ್ತಡ ಇಳಿಸುತ್ತದೆ, ಇದು ಕಿಡ್ನಿ ಕೆಡುವುದನ್ನು ನಿಧಾನಿಸುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಇನ್ನೊಂದು ಡಾಪಾಗ್ಲಿಫ್ಲೋಜಿನ್, ಸಕ್ಕರೆಯನ್ನು ಮೂತ್ರದಲ್ಲೇ ಬಿಡಿಸುವ ಮಾತ್ರೆ. ಇದರ ಮೂಲ 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಎಂಬ ಕಹಿ ಪದಾರ್ಥ. ಈ ಬಗೆಯ ಮಾತ್ರೆ ಕಿಡ್ನಿ ಉಳಿಸುತ್ತದೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದ್ದು 2019 ಮತ್ತು 2020ರಲ್ಲಿ. ಮೂತ್ರಕ್ಕೆ ಇರುವೆ ಮುತ್ತುವುದನ್ನು ರೋಗದ ಗುರುತು ಅಂದರು ನಮ್ಮ ಹಿರಿಯರು, ಈಗ ಅದನ್ನೇ ಚಿಕಿತ್ಸೆ ಅಂತ ಮಾಡಿಸುತ್ತಿದ್ದಾರೆ. ಕಾಕಾನಿಗೆ ಇದನ್ನು ಹೇಳಿದಾಗ ಬಹಳ ನಕ್ಕರು. ಜೊತೆಗೆ ಉಪ್ಪು ಕಡಿಮೆ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆ ಬಂದ್.

ಹೋದ ವಾರ ಮತ್ತೆ ವಾಡಿಗೆ ಹೋಗಿದ್ದೆ. ಕಾಕಾನಿಗೆ ಮೊಬೈಲಿನಲ್ಲಿ ಅವರ ಕಿಡ್ನಿಯ ಗುಲಾಬಿ ಚಿತ್ರ ತೋರಿಸಿ, ಇಗೋ ಇದೇ ಗಂಟು, ಇದು ಇನ್ನೂ ಕೆಲಸ ಮಾಡುತ್ತಿರುವ ಉಂಡೆ ಅಂತ ಬೆರಳಿಟ್ಟು ಹೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹನ್ನೊಂದು ಅವ ಅಂದಿ ಅಲ್ಲ, ಛಲೋ ಇದ್ದವು?"

"ಪೂರಾ ಛಲೋ ಅಲ್ಲ ಕಾಕಾ. ನಡೀಲಿಕತ್ತಾವ."

"ನಡೀಲಿಕತ್ತಾವಲ್ಲ, ಸಾಕು."

ಅಪ್ಪನಿಗೂ ಎಂಟು ವರ್ಷದಿಂದ ಶುಗರ್ ಇದೆ. ಮೂತ್ರದ ಪರೀಕ್ಷೆ ಯಾವಾಗ ಮಾಡಿಸಿದ್ದಿ ಅಂದರೆ "ನನಗೇನಾಗ್ಯಾದ?" ಅಂತ ಪೇಪರ್ ಓದುತ್ತ ಕೂತರು. ಅವ್ವ ಗದರಿದ ಮೇಲೆ ಎದ್ದರು. ಬಾಟಲಿಯನ್ನು ಸ್ಟೇಷನ್ ಹತ್ತಿರದ ಲ್ಯಾಬಿಗೆ ನಾನೇ ಕೊಟ್ಟು ಬಂದೆ. ಸ್ಯಾಂಪಲ್ ಕಲಬುರಗಿಗೆ ಹೋಗಬೇಕಂತೆ, ನಾಳೆ ಸಂಜೆಗೆ ರಿಪೋರ್ಟ್ ಬರುತ್ತದೆ ಎಂದಿದ್ದಾರೆ.